ವಿಡಿಯೊ ಒಂದು ಕಡೆ, ಮಾತು ಹತ್ತು ಕಡೆ

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ವ್ಲಾಗ್ ನೋಡುವವರಿಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿದೆ. ವಿಡಿಯೊ ಮುಗಿದ ಕೂಡಲೇ ಮುಂದಿನದಕ್ಕೆ ಹೋಗಬೇಡಿ. ಕೆಳಗೆ ಇಳಿದು ಕಾಮೆಂಟ್ ಓದಿ. ತೊಗರಿ ಹೊಲದ ವಿಡಿಯೊ ಇರಲಿ, ಬೀದರ್ ಕೋಟೆಯದಿರಲಿ, ಶರಣಬಸವೇಶ್ವರ ಜಾತ್ರೆಯದಿರಲಿ, ಎಷ್ಟೋ ಸಲ ನಿಜವಾದ ಸರಕು ಇರುವುದು ಅಲ್ಲೇ. ವಿಡಿಯೊ ಮಾಡಿದವರು ತಮಗೆ ಗೊತ್ತಿದ್ದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಆಮೇಲೆ ಆಳಂದದವರೊಬ್ಬರು, ಸೇಡಂನವರೊಬ್ಬರು, ಪುಣೆಗೆ ದುಡಿಯಲು ಹೋದ ನಮ್ಮೂರ ಹುಡುಗ ಒಬ್ಬ ಬರುತ್ತಾರೆ. ತಮಗೆ ಗೊತ್ತಿದ್ದನ್ನು ಸೇರಿಸುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ, ಒಮ್ಮೊಮ್ಮೆ ಜಗಳಾನೂ ಆಡುತ್ತಾರೆ. ಈ ಮಾತುಗಳನ್ನು ಬೇರೆ ಯಾರೂ ಎಲ್ಲೂ ಬರೆದಿಟ್ಟಿಲ್ಲ.

ತೊಂದರೆ ಏನು ಅಂದರೆ, ಒಂದೇ ವಿಷಯದ ಮಾತು ಒಂದೇ ಕಡೆ ಇರುವುದಿಲ್ಲ. ಹಾಗೆ ಚದುರಿದ ಮಾತನ್ನು ವೆಬ್ ಫೀಡ್ ಬಳಸಿ ಒಂದೇ ಕಡೆ ಕೂಡಿಸುವುದು ಹೇಗೆ ಅಂತ ಹೇಳುವುದಕ್ಕೇ ಈ ಬರಹ.

ತೊಗರಿಯನ್ನೇ ತೆಗೆದುಕೊಳ್ಳಿ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಹೊಲದಲ್ಲಿ ಅಲ್ಲಲ್ಲಿ ಗಿಡ ಒಣಗಲು ಶುರುವಾಗುತ್ತದೆ. ರೈತರೊಬ್ಬರು ಮೊಬೈಲ್ ಹಿಡಿದು ಹೊಲದಲ್ಲಿ ನಿಂತೇ ವಿಡಿಯೊ ಮಾಡಿ ಹಾಕುತ್ತಾರೆ. ಅದರ ಕೆಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಅಣ್ಣಾ, ನಮ್ಮ ಹೊಲದಾಗೂ ಹಿಂಗೇ ಆಗ್ಯಾದ, ಯಾವ ಎಣ್ಣಿ ಹೊಡಿಬೇಕ್ರಿ? ನಾಲ್ಕು ಜನ ನಾಲ್ಕು ಔಷಧದ ಹೆಸರು ಹೇಳುತ್ತಾರೆ. ಅದೇ ಹೊತ್ತಿಗೆ ಬೇರೆ ಯಾರದೋ ವ್ಲಾಗ್ ಕೆಳಗೆ, ಬೇರೆ ತಾಲ್ಲೂಕಿನವರು, ಇದೇ ರೋಗದ ಬಗ್ಗೆ ಮಾತಾಡುತ್ತಿರುತ್ತಾರೆ. ಅಲ್ಲಿ ತಿಳಿದವರೊಬ್ಬರು ಹೇಳಿರುತ್ತಾರೆ: ಮೊದಲ ಕಾಂಡ ಸೀಳಿ ನೋಡ್ರಿ ಕಾಕಾ, ಒಳಗ ಕರಿ ಗೆರಿ ಅದಾವಂದ್ರ ಅದು ನೆಟೆ ರೋಗ, ಮ್ಯಾಲ ಎಣ್ಣಿ ಹೊಡದ್ರ ಏನೂ ಆಗಂಗಿಲ್ಲ.

ಆ ಮಾತು ಪೂರ್ತಿ ಸರಿ. ನೆಟೆ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲಿರುತ್ತದೆ. ಬೇರಿನಿಂದ ಒಳಗೆ ಹೊಕ್ಕು, ಗಿಡದೊಳಗೆ ನೀರು ಏರುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಎಲೆ ಮೇಲೆ ಏನು ಹೊಡೆದರೂ ದುಡ್ಡು ದಂಡ. ಇನ್ನೊಂದು ಮೂರನೇ ವಿಡಿಯೊ ಕೆಳಗೆ ಉಳಿದ ಅರ್ಧ ಉತ್ತರ ಇರುತ್ತದೆ. ಬಿತ್ತುವ ಮೊದಲೇ ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಹಚ್ಚಬೇಕು, ವರ್ಷ ವರ್ಷ ಅದೇ ಹೊಲಕ್ಕೆ ತೊಗರಿ ಹಾಕದೆ ನಡುವೆ ಜೋಳ ಹಾಕಬೇಕು, ನಮ್ಮ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ತಳಿ ನೆಟೆಯನ್ನು ತಡೆದುಕೊಳ್ಳುತ್ತದೆ, ಮತ್ತೆ ಒಣಗಿದ್ದೆಲ್ಲ ನೆಟೆ ಅಲ್ಲ, ಹಸಿ ಕಡಿಮೆಯಾಗಿ ಬಿಸಿಲು ಜಾಸ್ತಿಯಾದಾಗ ಬರುವ ಒಣ ಬೇರು ಕೊಳೆಯೂ ದೂರದಿಂದ ನೋಡಿದರೆ ಹೀಗೇ ಕಾಣುತ್ತದೆ ಅಂತ.

ಅಂದರೆ ಪ್ರಶ್ನೆ ಒಂದು ಕಡೆ, ಅರ್ಧ ಉತ್ತರ ಇನ್ನೊಂದು ಕಡೆ, ಉಳಿದರ್ಧ ಮತ್ತೊಂದು ಕಡೆ. ಕೇಳಿದವರಿಗೆ ಆ ಉತ್ತರ ಸಿಗುವುದೇ ಇಲ್ಲ. ಯಾರಾದರೂ ಪುಣ್ಯಾತ್ಮರು ಆ ವಿಡಿಯೊದ ಲಿಂಕ್ ತಂದು ಇಲ್ಲಿ ಹಾಕಿದರೂ ಅದು ಉಳಿಯುವುದು ಕಷ್ಟ. ಲಿಂಕ್ ಇರುವ ಕಾಮೆಂಟ್ ತಡೆಯುವ ಒಂದು ಸೆಟ್ಟಿಂಗ್ ಚಾನೆಲ್ ನಡೆಸುವವರ ಕೈಯಲ್ಲಿದೆ. ಸ್ಪ್ಯಾಮ್ ಕಾಟಕ್ಕೆ ಬೇಸತ್ತವರು ಅದನ್ನು ಆನ್ ಮಾಡಿಟ್ಟಿರುತ್ತಾರೆ. ಅವರದ್ದೇನೂ ತಪ್ಪಿಲ್ಲ. ಆದರೆ ಒಂದು ಮಾತಿಗೂ ಇನ್ನೊಂದು ಮಾತಿಗೂ ಇದ್ದ ಒಂದೇ ಒಂದು ಕೊಂಡಿ ಅಲ್ಲೇ ತುಂಡಾಗುತ್ತದೆ.

ಇದು ತೊಗರಿಗೆ ಮಾತ್ರ ಅಲ್ಲ. ಬೀದರಿನ ನೌಬಾದ್ ಹತ್ತಿರ ಬಹಮನಿ ಕಾಲದ ಕರೇಜ್ ಇದೆ, ಜನ ಸುರಂಗ ಬಾವಿ ಅನ್ನುತ್ತಾರೆ. ನೆಲದೊಳಗೆ ಕಾಲುವೆ ಕೊರೆದು, ನಡುನಡುವೆ ಮೇಲಿಂದ ಬಾವಿಯಂಥ ಕಿಂಡಿ ಬಿಟ್ಟು ನೀರು ಹರಿಸಿದ ವ್ಯವಸ್ಥೆ ಅದು. ಅಲ್ಲಿಗೆ ಹೋಗಿ ಬಂದ ವ್ಲಾಗರ್‌ಗಳು ಹಲವರು. ಅಂಥ ಕಿಂಡಿಯೊಂದು ತಮ್ಮ ಹೊಲದ ಹತ್ತಿರವೂ ಇತ್ತು, ಈಗ ಮಣ್ಣು ತುಂಬಿದೆ ಅಂತ ಯಾರಾದರೂ ಒಬ್ಬರು ಒಂದು ವಿಡಿಯೊ ಕೆಳಗೆ ಬರೆದರೆ, ಆ ಮಾಹಿತಿಗೆ ಎಷ್ಟು ಬೆಲೆ ಇದೆ ಯೋಚಿಸಿ. ಬಿದ್ರಿ ಕೆಲಸದ ವಿಡಿಯೊಗಳಲ್ಲೂ ಅಷ್ಟೇ. ಸತು, ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯೊಳಗಿನ ಮಣ್ಣು ಬಳಸಿ ಕಪ್ಪು ಬಣ್ಣ ತರಿಸುತ್ತಾರೆ. ಆ ಮಣ್ಣಿನಲ್ಲಿ ಅಂಥದ್ದೇನಿದೆ ಅಂತ ಪ್ರತಿಯೊಂದು ವಿಡಿಯೊ ಕೆಳಗೂ ಯಾರಾದರೂ ಕೇಳುತ್ತಾರೆ. ಕುಶಲಕರ್ಮಿಗಳ ಮನೆಯವರು ಎಲ್ಲೋ ಒಂದು ಕಡೆ ಉತ್ತರ ಕೊಟ್ಟಿದ್ದರೂ ಉಳಿದವರಿಗೆ ಅದು ಕಾಣುವುದಿಲ್ಲ.

ಇದಕ್ಕೆ ನಾನು ಬಳಸುವ ದಾರಿ ವೆಬ್ ಫೀಡ್. ಆರ್‌ಎಸ್‌ಎಸ್ ಅಂದರೆ ಕೆಲವರಿಗೆ ಬೇಗ ಗೊತ್ತಾಗುತ್ತದೆ. ಹೊಸಬರಿಗಾಗಿ ಎರಡು ಮಾತು. ಒಂದು ಸೈಟಿನಲ್ಲಿ ಹೊಸದಾಗಿ ಏನು ಬಂತು ಅನ್ನುವುದನ್ನು ಆ ಸೈಟೇ ಒಂದು ಸಣ್ಣ ಕಡತದಲ್ಲಿ ಬರೆದಿಡುತ್ತದೆ. ತಲೆಬರಹ, ಲಿಂಕ್, ಸಮಯ, ಸ್ವಲ್ಪ ವಿವರ. ನಿಮ್ಮ ಫೋನಿನಲ್ಲಿರುವ ಫೀಡ್ ರೀಡರ್ ಆಗಾಗ ಹೋಗಿ ಆ ಕಡತ ನೋಡಿ, ಹೊಸದಿದ್ದರೆ ತಂದು ತೋರಿಸುತ್ತದೆ. ಬಂದ ಕ್ರಮದಲ್ಲೇ ತೋರಿಸುತ್ತದೆ, ಎಲ್ಲವನ್ನೂ ತೋರಿಸುತ್ತದೆ. ನಿಮಗೆ ಯಾವುದು ಇಷ್ಟ ಆಗಬಹುದು ಅಂತ ಅದು ತಾನೇ ತೀರ್ಮಾನ ಮಾಡುವುದಿಲ್ಲ. ಬರೀ ಅಕ್ಷರ ಆದ್ದರಿಂದ ಚಿಂಚೋಳಿ ಕಾಡಿನ ಕಡೆ ನೆಟ್‌ವರ್ಕ್ ಒಂದೇ ಕಡ್ಡಿ ಇದ್ದರೂ ಬಂದುಬಿಡುತ್ತದೆ.

ಆರ್‌ಎಸ್‌ಎಸ್ ಶುರುವಾಗಿದ್ದು 1999ರಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿ. 2000ದ ಕೊನೆಗೆ ಡೇವ್ ವೈನರ್ ಅದಕ್ಕೆ ಎನ್‌ಕ್ಲೋಷರ್ ಅನ್ನುವ ಒಂದು ಭಾಗ ಸೇರಿಸಿದರು. ಫೀಡಿನ ಜೊತೆ ಆಡಿಯೊ, ವಿಡಿಯೊ ಕಡತವನ್ನೂ ಲಗತ್ತಿಸುವ ವ್ಯವಸ್ಥೆ ಅದು. ಪಾಡ್‌ಕಾಸ್ಟ್ ಹುಟ್ಟಿದ್ದು ಅದರಿಂದಲೇ, ಮೊದಲ ದಿನಗಳ ವಿಡಿಯೊ ಬ್ಲಾಗ್‌ಗಳು ಹರಡಿದ್ದೂ ಅದರಿಂದಲೇ. ಆಗ ವ್ಲಾಗ್ ಮಾಡುವವರು ತಮ್ಮದೇ ಸೈಟಿನಲ್ಲಿ ವಿಡಿಯೊ ಹಾಕುತ್ತಿದ್ದರು. ಕಾಮೆಂಟ್ ಬರುತ್ತಿದ್ದುದೂ ಅಲ್ಲೇ. ಆ ಕಾಲದವರು ಕಾಮೆಂಟನ್ನು ಮರೆತಿರಲಿಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಪ್ರತಿ ಪೋಸ್ಟಿನ ಫೀಡ್ ಭಾಗದಲ್ಲೇ ಅದರ ಕಾಮೆಂಟ್‌ಗಳ ಫೀಡ್ ಎಲ್ಲಿದೆ ಅಂತ ಹೇಳುವ ಒಂದು ಟ್ಯಾಗ್, ಎಷ್ಟು ಕಾಮೆಂಟ್ ಬಂದಿವೆ ಅಂತ ಹೇಳುವ ಇನ್ನೊಂದು ಟ್ಯಾಗ್ ಇತ್ತು. 2005ರಲ್ಲಿ ಆಟಮ್ ಅನ್ನುವ ಫೀಡ್ ಮಾದರಿ ಪಕ್ಕಾ ಆಯಿತು. ಮರುವರ್ಷವೇ, 2006ರಲ್ಲಿ, ಯಾವ ಮಾತು ಯಾವ ಮಾತಿಗೆ ಉತ್ತರ ಅಂತ ಫೀಡಿನೊಳಗೇ ಗುರುತಿಸುವ ಒಂದು ವಿಸ್ತರಣೆ ಬಂತು. ಅದೇ ವರ್ಷ ಕೋಕಾಮೆಂಟ್ ಅನ್ನುವ ಸೇವೆ ಕೂಡ ಶುರುವಾಯಿತು. ನೀವು ಬೇರೆ ಬೇರೆ ಬ್ಲಾಗುಗಳಲ್ಲಿ ಹಾಕಿದ ಕಾಮೆಂಟ್‌ಗಳನ್ನೂ ಅವಕ್ಕೆ ಬಂದ ಉತ್ತರಗಳನ್ನೂ ಒಂದೇ ಕಡೆ ಕೂಡಿಸಿ ಕೊಡುವುದೇ ಅದರ ಕೆಲಸವಾಗಿತ್ತು. ಚದುರಿದ ಮಾತನ್ನು ಹಿಂಬಾಲಿಸುವುದು ಹೇಗೆ ಅನ್ನುವ ಈ ಪ್ರಶ್ನೆ ಹೊಸದೇನಲ್ಲ. ಉತ್ತರವೂ ಹೆಚ್ಚೂ ಕಡಿಮೆ ಆಗಲೇ ಸಿಕ್ಕಿತ್ತು.

ಆಮೇಲೆ ಎಲ್ಲರೂ ಯೂಟ್ಯೂಬಿಗೆ ಹೋದರು. ಪುಕ್ಕಟೆ ಜಾಗ, ಪುಕ್ಕಟೆ ನೋಡುಗರು, ಯಾರು ಬೇಡ ಅನ್ನುತ್ತಾರೆ? ಯೂಟ್ಯೂಬಿನಲ್ಲೂ ಮೊದಲು ಪ್ರತಿ ವಿಡಿಯೊದ ಕಾಮೆಂಟ್‌ಗಳಿಗೆ ಆಟಮ್ ಫೀಡ್ ಇತ್ತು, ಅವರ ಹಳೆಯ ಎಪಿಐಯಲ್ಲಿ, ಅಂದರೆ ಬೇರೆ ಪ್ರೋಗ್ರಾಮ್‌ಗಳು ಯೂಟ್ಯೂಬಿನಿಂದ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆಯಲ್ಲಿ. 2015ರಲ್ಲಿ ಆ ಎಪಿಐಯನ್ನೇ ನಿಲ್ಲಿಸಿದರು, ಫೀಡೂ ಹೋಯಿತು. ಅದಕ್ಕೂ ಎರಡು ವರ್ಷ ಮೊದಲು, 2013ರ ಜುಲೈನಲ್ಲಿ, ಗೂಗಲ್ ರೀಡರ್ ಅನ್ನುವ ಫೀಡ್ ರೀಡರ್ ಮುಚ್ಚಿತ್ತು. ಫೀಡ್ ಓದುವ ಅಭ್ಯಾಸ ಇದ್ದವರೇ ಕಡಿಮೆಯಾದ ಮೇಲೆ ಕಾಮೆಂಟ್ ಫೀಡ್ ಹೋಯಿತು ಅಂತ ಕೂಗುವವರಾದರೂ ಯಾರು?

ಈಗ ಏನು ಉಳಿದಿದೆ? ಚಾನೆಲ್ ಫೀಡ್ ಉಳಿದಿದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಪ್ರತಿ ಯೂಟ್ಯೂಬ್ ಚಾನೆಲ್ಲಿಗೂ ಯುಸಿ ಅಂತ ಶುರುವಾಗುವ 24 ಅಕ್ಷರದ ಒಂದು ಐಡಿ ಇರುತ್ತದೆ. ಚಾನೆಲ್ ಪುಟದ ವಿವರಣೆ ತೆರೆದು, ಶೇರ್ ಒತ್ತಿದರೆ ಐಡಿ ಕಾಪಿ ಮಾಡುವ ಆಯ್ಕೆ ಸಿಗುತ್ತದೆ. ಯೂಟ್ಯೂಬ್ ಡಾಟ್ ಕಾಮ್, ಸ್ಲ್ಯಾಶ್ ಫೀಡ್ಸ್, ಸ್ಲ್ಯಾಶ್ ವಿಡಿಯೋಸ್ ಡಾಟ್ ಎಕ್ಸ್‌ಎಮ್‌ಎಲ್, ಪ್ರಶ್ನೆ ಚಿಹ್ನೆ, ಚಾನೆಲ್ ಅಂಡರ್‌ಸ್ಕೋರ್ ಐಡಿ, ಸಮ ಚಿಹ್ನೆ, ಆಮೇಲೆ ಆ ಐಡಿ. ಇಷ್ಟು ಬರೆದರೆ ಫೀಡ್ ಬರುತ್ತದೆ. ಇಷ್ಟು ತಲೆ ಕೆಡಿಸಿಕೊಳ್ಳುವುದು ಬೇಡ ಅಂದರೆ ಫೀಡ್ಲಿ, ಇನೋರೀಡರ್ ಥರದ ರೀಡರ್‌ಗಳಲ್ಲಿ ಸುಮ್ನೆ ಚಾನೆಲ್ ಪುಟದ ವಿಳಾಸ ಅಂಟಿಸಿ, ಉಳಿದದ್ದನ್ನು ಅವೇ ಹುಡುಕಿಕೊಳ್ಳುತ್ತವೆ. ಶಾರ್ಟ್ಸ್ ಬೇಡ, ಉದ್ದ ವಿಡಿಯೊ ಮಾತ್ರ ಸಾಕು ಅನ್ನುವವರಿಗೆ ಒಂದು ಉಪಾಯ ಇದೆ, ಯೂಟ್ಯೂಬ್ ಇದನ್ನು ಎಲ್ಲೂ ಹೇಳಿಲ್ಲವಾದರೂ ಕೆಲಸ ಮಾಡುತ್ತದೆ. ಚಾನೆಲ್ ಐಡಿ ಬದಲು ಪ್ಲೇಲಿಸ್ಟ್ ಅಂಡರ್‌ಸ್ಕೋರ್ ಐಡಿ ಅಂತ ಹಾಕಿ, ಐಡಿಯ ಮೊದಲಿನ ಯುಸಿ ತೆಗೆದು ಯುಯುಎಲ್‌ಎಫ್ ಹಾಕಿ.

ಆ ಫೀಡನ್ನು ಒಮ್ಮೆ ಬ್ರೌಸರ್‌ನಲ್ಲಿ ತೆರೆದು ಒಳಗೆ ಏನಿದೆ ನೋಡಿ. ಹೊಸ 15 ವಿಡಿಯೊ ಇರುತ್ತವೆ. ಪ್ರತಿಯೊಂದಕ್ಕೂ ವಿಡಿಯೊ ಐಡಿ, ಚಾನೆಲ್ ಐಡಿ, ತಲೆಬರಹ, ಹಾಕಿದ ಸಮಯ, ಥಂಬ್‌ನೇಲ್ ವಿಳಾಸ, ವಿವರಣೆ. ಕೊನೆಗೆ ಎಷ್ಟು ಲೈಕ್, ಎಷ್ಟು ಜನ ನೋಡಿದರು ಅನ್ನುವ ಲೆಕ್ಕ. ಅಷ್ಟೇ. ಕಾಮೆಂಟ್ ಎಷ್ಟು ಬಂದಿವೆ ಅನ್ನುವ ಒಂದು ಅಂಕಿ ಕೂಡ ಇಲ್ಲ. ಜನ ನೋಡಿದ್ದು ಲೆಕ್ಕಕ್ಕೆ ಬಂತು, ಜನ ಮಾತಾಡಿದ್ದು ಬರಲಿಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ.

ಯೂಟ್ಯೂಬ್ ಆಚೆ ಇರುವವರ ಸ್ಥಿತಿ ಚೆನ್ನಾಗಿದೆ. ವರ್ಡ್‌ಪ್ರೆಸ್ ಸೈಟಿನಲ್ಲಿ ವಿಡಿಯೊ ಹಾಕುವವರಿದ್ದರೆ, ಸೈಟಿನ ವಿಳಾಸದ ಕೊನೆಗೆ ಕಾಮೆಂಟ್ಸ್ ಸ್ಲ್ಯಾಶ್ ಫೀಡ್ ಅಂತ ಸೇರಿಸಿ. ಇಡೀ ಸೈಟಿನ ಹೊಸ ಕಾಮೆಂಟ್ ಬರುತ್ತವೆ. ಒಂದೇ ಪೋಸ್ಟಿನದು ಸಾಕಾದರೆ ಆ ಪೋಸ್ಟಿನ ವಿಳಾಸಕ್ಕೆ ಬರೀ ಫೀಡ್ ಸೇರಿಸಿ. ಬ್ಲಾಗರ್‌ನಲ್ಲಿ ಫೀಡ್ಸ್ ಸ್ಲ್ಯಾಶ್ ಕಾಮೆಂಟ್ಸ್ ಸ್ಲ್ಯಾಶ್ ಡಿಫಾಲ್ಟ್. ಪೀರ್‌ಟ್ಯೂಬ್ ಅಂತ ಒಂದಿದೆ, ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆಯವರು ಕಟ್ಟಿದ್ದು. ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ನಡೆಸಬಹುದಾದ ವಿಡಿಯೊ ಜಾಲ. ಅದರಲ್ಲಿ ಪ್ರತಿ ವಿಡಿಯೊದ ಕಾಮೆಂಟಿಗೂ ಫೀಡ್ ತಾನಾಗೇ ಇರುತ್ತದೆ. ಹಾಗಾಗಿ ಇದನ್ನು ಕೊಡಲು ಆಗುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಬಗ್ಗೆ ಹೇಳಲು ಏನೂ ಇಲ್ಲ, ಅಲ್ಲಿ ಬಾಗಿಲೇ ಇಲ್ಲ.

ಆದರೆ ನಮ್ಮ ಕಡೆಯ ವ್ಲಾಗ್ ಹೆಚ್ಚು ಕಡಿಮೆ ಎಲ್ಲವೂ ಯೂಟ್ಯೂಬಿನಲ್ಲೇ ಇವೆ ಅಲ್ವಾ? ಹಾಗಾಗಿ ಕಾಮೆಂಟ್ ಫೀಡನ್ನು ನಾವೇ ಮಾಡಿಕೊಳ್ಳಬೇಕು. ಕೇಳಲು ದೊಡ್ಡದು ಅನಿಸುತ್ತದೆ, ಒಂದು ಸಂಜೆಯ ಕೆಲಸ ಅಷ್ಟೇ. ಸ್ವಲ್ಪ ಕೋಡ್ ಬಲ್ಲ ಹುಡುಗರು ಮನೆಯಲ್ಲಿದ್ದರೆ ಇನ್ನೂ ಸಲೀಸು.

ಗೂಗಲ್ ಶೀಟ್ ಒಂದು ತೆರೆಯಿರಿ. ಎಕ್ಸ್‌ಟೆನ್ಶನ್ಸ್ ಮೆನುವಿನಲ್ಲಿ ಆ್ಯಪ್ಸ್ ಸ್ಕ್ರಿಪ್ಟ್ ಇದೆ, ಸ್ಕ್ರಿಪ್ಟ್ ಅಂದರೆ ಸಣ್ಣ ಕೋಡ್ ಬರೆಯುವ ಜಾಗ ಅದು. ಅಲ್ಲಿ ಸರ್ವಿಸಸ್ ಪಟ್ಟಿಗೆ ಯೂಟ್ಯೂಬ್ ಡೇಟಾ ಎಪಿಐ ಸೇರಿಸಿ. ಶೀಟಿನ ಒಂದು ಹಾಳೆಯಲ್ಲಿ ನೀವು ಹಿಂಬಾಲಿಸಬೇಕಾದ ವಿಡಿಯೊ ಐಡಿಗಳನ್ನು ಬರೆದಿಡಿ. ಸ್ಕ್ರಿಪ್ಟ್ ಗಂಟೆಗೊಮ್ಮೆ ಎದ್ದು, ಪ್ರತಿ ವಿಡಿಯೊದ ಕಾಮೆಂಟ್ ಥ್ರೆಡ್‌ಗಳನ್ನು (ಒಂದು ಕಾಮೆಂಟ್, ಅದರ ಕೆಳಗಿನ ಉತ್ತರಗಳು ಸೇರಿ ಒಂದು ಥ್ರೆಡ್) ಹೊಸದು ಮೊದಲು ಅನ್ನುವ ಕ್ರಮದಲ್ಲಿ ಕೇಳಿ, ಇನ್ನೊಂದು ಹಾಳೆಯಲ್ಲಿ ಸಾಲುಸಾಲಾಗಿ ಬರೆಯಬೇಕು. ಒಂದು ಸಲ ಕೇಳಿದರೆ 100 ಥ್ರೆಡ್ ತನಕ ಕೊಡುತ್ತದೆ. ಹಾಗೆ ಕೇಳಿದ್ದಕ್ಕೆ ಖರ್ಚು ಒಂದು ಯೂನಿಟ್, ದಿನಕ್ಕೆ ಸಿಗುವುದು 10,000 ಯೂನಿಟ್. ನಮ್ಮಂಥವರ ಕೆಲಸಕ್ಕೆ ಅದು ಮುಗಿಯುವ ಮಾತೇ ಇಲ್ಲ. ಇಡೀ ಚಾನೆಲ್ಲಿನ ಎಲ್ಲ ವಿಡಿಯೊಗಳ ಥ್ರೆಡ್‌ಗಳನ್ನು ಒಟ್ಟಿಗೇ ಕೇಳುವ ದಾರಿಯೂ ಇದೆ, ಸಣ್ಣ ಚಾನೆಲ್‌ಗಳಿಗೆ ಅದೇ ಒಳ್ಳೆಯದು.

ಆಮೇಲೆ ಅದೇ ಸ್ಕ್ರಿಪ್ಟ್ ಆ ಹಾಳೆ ಓದಿ ಆರ್‌ಎಸ್‌ಎಸ್ ರೂಪದಲ್ಲಿ ಬರೆದು ಕೊಡಬೇಕು. ಆ್ಯಪ್ಸ್ ಸ್ಕ್ರಿಪ್ಟಿನಲ್ಲಿ ಆರ್‌ಎಸ್‌ಎಸ್ ಅಂತಲೇ ಒಂದು ಔಟ್‌ಪುಟ್ ಬಗೆ ಇದೆ. ವೆಬ್ ಆ್ಯಪ್ ಅಂತ ಡಿಪ್ಲಾಯ್ ಮಾಡಿದರೆ ಒಂದು ವಿಳಾಸ ಸಿಗುತ್ತದೆ. ಅದನ್ನು ತೆಗೆದು ರೀಡರ್‌ಗೆ ಹಾಕಿ, ಮುಗಿಯಿತು.

ಎರಡು ವಿಷಯ ಮಾತ್ರ ಸರಿಯಾಗಿ ನೋಡಿಕೊಳ್ಳಿ. ಪ್ರತಿ ಕಾಮೆಂಟಿಗೂ ಯೂಟ್ಯೂಬ್ ಕೊಟ್ಟ ಒಂದು ಐಡಿ ಇರುತ್ತದೆ. ಫೀಡಿನಲ್ಲಿ ಗುರುತಿನ ಜಾಗದಲ್ಲಿ ಅದನ್ನೇ ಹಾಕಿ. ಸಮಯವನ್ನೋ ಸಾಲಿನ ಸಂಖ್ಯೆಯನ್ನೋ ಹಾಕಿದರೆ, ಯಾರಾದರೂ ಕಾಮೆಂಟ್ ತಿದ್ದಿದಾಗ, ಇಲ್ಲವೇ ಸಾಲು ಹಿಂದೆ ಮುಂದೆ ಆದಾಗಲೆಲ್ಲ ರೀಡರ್ ಅದನ್ನು ಹೊಸದು ಅಂತ ಮತ್ತೆ ತೋರಿಸುತ್ತದೆ. ಮತ್ತೆ ಲಿಂಕ್ ಹಾಕುವಾಗ ವಿಡಿಯೊದ ಲಿಂಕಿಗೆ ಎಲ್‌ಸಿ ಅಂತ ಸೇರಿಸಿ ಆ ಐಡಿ ಕೊಡಿ. ಒತ್ತಿದರೆ ನೇರ ಆ ಕಾಮೆಂಟೇ ಮೇಲೆ ಬಂದು ನಿಲ್ಲುತ್ತದೆ. ಯೂಟ್ಯೂಬಿನಲ್ಲಿ ಕಾಮೆಂಟ್ ಪಕ್ಕ ಇರುವ ಸಮಯದ ಮೇಲೆ ಒತ್ತಿದರೆ ಬರುವುದೂ ಇದೇ ಲಿಂಕ್. ಕೋಡ್ ಬೇಡ ಅನ್ನುವವರು ಕಡೇ ಪಕ್ಷ ಇಷ್ಟು ಮಾಡಬಹುದು, ಒಳ್ಳೆಯ ಕಾಮೆಂಟ್ ಕಂಡರೆ ವಿಡಿಯೊ ಲಿಂಕ್ ಬದಲು ಈ ಲಿಂಕ್ ಕಳಿಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊಸದು ಮೊದಲು ಅಂತ ಕೇಳಿದಾಗ ಯೂಟ್ಯೂಬ್ ನೋಡುವುದು ಮೊದಲ ಕಾಮೆಂಟ್ ಯಾವಾಗ ಬಂತು ಅನ್ನುವುದನ್ನು. ಅದರ ಕೆಳಗೆ ಉತ್ತರ ಯಾವಾಗ ಬಂತು ಅನ್ನುವುದನ್ನಲ್ಲ. ಅಂದರೆ ಹೋದ ವರ್ಷ ಯಾರೋ ಕೇಳಿದ ಪ್ರಶ್ನೆಗೆ ಇವತ್ತು ಬೆಳಗ್ಗೆ ಒಬ್ಬ ಅನುಭವಿ ರೈತರು ಉತ್ತರ ಕೊಟ್ಟರೆ ಅದು ಮೇಲೆ ಬರುವುದೇ ಇಲ್ಲ. ಹಳೆಯ ಪ್ರಶ್ನೆಯ ಕೆಳಗೆ, ಮಡಚಿಟ್ಟ ಹಾಗೆ, ಅಲ್ಲೇ ಉಳಿಯುತ್ತದೆ. ಆದರೆ ನಮ್ಮ ಅನುಭವ ಏನು? ಒಳ್ಳೆಯ ಉತ್ತರ ತಡವಾಗಿಯೇ ಬರುತ್ತದೆ. ರಾಶಿ ಮುಗಿದು, ಕೈ ಬಿಡುವಾದ ಮೇಲೆ ಜನ ಕೂತು ಹಳೆಯ ವಿಡಿಯೊ ನೋಡುತ್ತಾರೆ, ಆಗ ಬರೆಯುತ್ತಾರೆ. ಈ ಸಲ ನಾನು ಬೀಜೋಪಚಾರ ಮಾಡಿದೆ, ಹೀಗಾಯಿತು ಅಂತ ಫಲಿತಾಂಶ ಹೇಳುವವರು ಮುಂದಿನ ವರ್ಷವೇ ತಾನೇ ಹೇಳಬೇಕು? ಹೊಸ ಕಾಮೆಂಟ್ ಮಾತ್ರ ನೋಡುವವರಿಗೆ ಇಂಥವು ಒಂದೂ ಸಿಗುವುದಿಲ್ಲ.

ಅದಕ್ಕೆ ಸ್ಕ್ರಿಪ್ಟಿನಲ್ಲಿ ಒಂದು ಕೆಲಸ ಜಾಸ್ತಿ ಮಾಡಬೇಕು. ಪ್ರತಿ ಥ್ರೆಡ್ ಜೊತೆ ಒಟ್ಟು ಎಷ್ಟು ಉತ್ತರ ಅನ್ನುವ ಸಂಖ್ಯೆ ಬರುತ್ತದೆ. ಅದನ್ನು ಹಾಳೆಯಲ್ಲಿ ಬರೆದಿಡಿ. ಮುಂದಿನ ಸಲ ಹೋದಾಗ ಸಂಖ್ಯೆ ಬದಲಾಗಿದ್ದರೆ, ಆ ಥ್ರೆಡ್ಡಿನ ಉತ್ತರಗಳನ್ನು ಬೇರೆಯಾಗಿ ಕೇಳಿ ತರಿಸಿ. ಥ್ರೆಡ್ ಜೊತೆ ತಾನಾಗೇ ಬರುವ ಉತ್ತರಗಳು ಕೆಲವು ಮಾತ್ರ, ಎಲ್ಲವೂ ಅಲ್ಲ, ಅದನ್ನೇ ನಂಬಿ ಕೂರಬೇಡಿ. ಹೊಸ 100ರ ಆಚೆ ಇರುವ ಹಳೆಯ ಥ್ರೆಡ್‌ಗಳನ್ನು ಗಂಟೆಗೊಮ್ಮೆ ನೋಡುವುದು ಬೇಡ, ದಿನಕ್ಕೊಮ್ಮೆ ರಾತ್ರಿ ನೋಡಿದರೆ ಸಾಕು. ಫೀಡಿನಲ್ಲಿ ಉತ್ತರ ತೋರಿಸುವಾಗ ಅದರ ಮೇಲೆ ಮೂಲ ಪ್ರಶ್ನೆಯನ್ನೂ ಒಂದು ಸಾಲು ಹಾಕಿ. ಇಲ್ಲದಿದ್ದರೆ ಬರೀ ಹೌದ್ರಿ, ನಮ್ಮಲ್ಲೂ ಅಷ್ಟೇ ಅಂತ ಬರುತ್ತದೆ, ಯಾವುದಕ್ಕೆ ಹೌದು ಅಂತ ತಿಳಿಯುವುದಿಲ್ಲ.

ಇಷ್ಟಾದ ಮೇಲೆ ರೀಡರ್ ಒಳಗೆ ಜೋಡಿಸುವುದು. ಎಲ್ಲರೂ ಚಾನೆಲ್ಲಿಗೊಂದು ಫೋಲ್ಡರ್ ಮಾಡುತ್ತಾರೆ. ನನ್ನ ಪ್ರಕಾರ ವಿಷಯಕ್ಕೊಂದು ಫೋಲ್ಡರ್ ಇರಬೇಕು. ತೊಗರಿ ಅಂತ ಒಂದು, ಕರೇಜ್ ಮತ್ತು ಹಳೆಯ ನೀರಿನ ವ್ಯವಸ್ಥೆ ಅಂತ ಒಂದು, ಬಿದ್ರಿ ಅಂತ ಒಂದು, ಸನ್ನತಿ ಮತ್ತು ಮಳಖೇಡದ ಇತಿಹಾಸ ಅಂತ ಒಂದು. ಆಗ ಬೇರೆ ಬೇರೆ ಚಾನೆಲ್ ಕೆಳಗೆ ನಡೆದ ಮಾತು ಪಕ್ಕಪಕ್ಕ ಬಂದು ಕೂರುತ್ತದೆ. ಆಳಂದದ ಪ್ರಶ್ನೆ, ಅದರ ಕೆಳಗೇ ಅಫಜಲಪುರದ ಉತ್ತರ. ಇಬ್ಬರಿಗೂ ಒಬ್ಬರಿಗೊಬ್ಬರು ಗೊತ್ತಿಲ್ಲ. ನಿಮಗೆ ಮಾತ್ರ ಕಾಣುತ್ತಿದೆ. ಆ ಕ್ಷಣದ ಸಂತೋಷವೇ ಬೇರೆ.

ಫಿಲ್ಟರ್ ಹಾಕುವವರು ಒಂದು ಗಮನಿಸಿ. ನಮ್ಮ ಕಡೆ ಜನ ಕಾಮೆಂಟ್ ಬರೆಯುವ ರೀತಿ ನೂರೆಂಟು. ತೊಗರಿಯನ್ನು ಕನ್ನಡ ಅಕ್ಷರದಲ್ಲಿ ಬರೆಯುವವರು ಸ್ವಲ್ಪ ಜನ, ಇಂಗ್ಲಿಷ್ ಅಕ್ಷರದಲ್ಲಿ ಎಚ್ ಹಾಕಿ ಬರೆಯುವವರು ಕೆಲವರು, ಎಚ್ ಇಲ್ಲದೆ ಬರೆಯುವವರು ಕೆಲವರು, ತೂರ್ ಅನ್ನುವವರು, ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಉರ್ದುವಿನಲ್ಲಿ ಬರೆಯುವವರು, ಗಡಿಯಾಚೆಯಿಂದ ಮರಾಠಿಯಲ್ಲಿ, ತೆಲುಗಿನಲ್ಲಿ ಕೇಳುವವರು. ಒಂದೇ ಪದ ಕೊಟ್ಟು ಫಿಲ್ಟರ್ ಮಾಡಿದರೆ ಅರ್ಧಕ್ಕಿಂತ ಜಾಸ್ತಿ ತಪ್ಪಿಹೋಗುತ್ತದೆ. ಎಲ್ಲ ರೂಪಗಳನ್ನೂ ಶೀಟಿನಲ್ಲೇ ಪಟ್ಟಿ ಮಾಡಿಡಿ. ಕೆಲವು ರೀಡರ್‌ಗಳಲ್ಲಿ ಫಿಲ್ಟರ್‌ಗೆ ದುಡ್ಡು ಕೊಡಬೇಕು, ಶೀಟಿನಲ್ಲಿ ಪುಕ್ಕಟೆ. ಕಂಪ್ಯೂಟರ್ ಇದ್ದವರಿಗೆ ಥಂಡರ್‌ಬರ್ಡ್ ಇದೆ, ಈಮೇಲ್ ಜೊತೆ ಫೀಡನ್ನೂ ಓದುತ್ತದೆ, ಫಿಲ್ಟರೂ ಇದೆ, ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ರೈತರ ವಿಡಿಯೊಗಳ ಕೆಳಗೆ ಜನ ತಮ್ಮ ಫೋನ್ ನಂಬರ್ ಬರೆದುಬಿಡುತ್ತಾರೆ. ನಂಬರ್ ಹಾಕ್ರಿ ಅಣ್ಣಾ ಅಂತ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹಾಕುತ್ತಾರೆ. ಒಂದು ವಿಡಿಯೊ ಕೆಳಗೆ ಅದು ಇರುವುದು ಬೇರೆ, ಹಲವು ವಿಡಿಯೊಗಳಿಂದ ಹೆಕ್ಕಿ ತಂದು ಒಂದೇ ಫೀಡಿನಲ್ಲಿ ಸಾಲಾಗಿ ಜೋಡಿಸುವುದು ಬೇರೆ. ಅದು ಮೋಸಗಾರರಿಗೆ ಸಿದ್ಧ ಪಟ್ಟಿ ಕೊಟ್ಟಂತೆ. ಆದ್ದರಿಂದ ಹಾಳೆಗೆ ಬರೆಯುವ ಮೊದಲೇ ಹತ್ತು ಅಂಕಿಯ ಸಂಖ್ಯೆ ಕಂಡರೆ ಅಳಿಸುವ ಒಂದು ಸಾಲು ಸ್ಕ್ರಿಪ್ಟಿನಲ್ಲಿ ಇರಲೇಬೇಕು. ನಡುವೆ ಜಾಗ ಬಿಟ್ಟು ಬರೆದದ್ದನ್ನೂ ಹಿಡಿಯುವ ಹಾಗೆ ಬರೆಯಿರಿ. ಯೂಟ್ಯೂಬ್ ಎಪಿಐ ನಿಯಮವೂ ಒಂದಿದೆ, ಹೀಗೆ ತೆಗೆದುಕೊಂಡ ಮಾಹಿತಿಯನ್ನು 30 ದಿನದೊಳಗೆ ಮತ್ತೆ ಪರಿಶೀಲಿಸಿ ಹೊಸದು ಮಾಡಬೇಕು, ಇಲ್ಲವಾದರೆ ಅಳಿಸಬೇಕು. ಅದು ಒಳ್ಳೆಯ ನಿಯಮವೇ. ಕಾಮೆಂಟ್ ಹಾಕಿದವರು ಬೇಡ ಅಂತ ಅಳಿಸಿದ ಮೇಲೂ ಅದು ನನ್ನ ಹಾಳೆಯಲ್ಲಿ ಉಳಿದಿರುವುದು ಸರಿಯಲ್ಲ. ಹಾಗಾಗಿ 30 ದಿನ ದಾಟಿದ ಸಾಲನ್ನು ಸ್ಕ್ರಿಪ್ಟೇ ಅಳಿಸುವ ಹಾಗೆ ಮಾಡಿದ್ದೇನೆ. ಥ್ರೆಡ್ ಎಲ್ಲಿದೆ ಅನ್ನುವ ಲಿಂಕನ್ನೂ, ಅಲ್ಲಿಂದ ನನಗೆ ತಿಳಿದದ್ದನ್ನು ನನ್ನ ಮಾತಿನಲ್ಲಿ ಬರೆದ ಟಿಪ್ಪಣಿಯನ್ನೂ ಬೇರೆ ಕಡೆ ಇಟ್ಟುಕೊಳ್ಳುತ್ತೇನೆ.

ಓದಿ ಕೂತರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಉತ್ತರ ಒಂದು ಕಡೆ ಇದೆ, ಕೇಳಿದವರು ಇನ್ನೊಂದು ಕಡೆ ಇದ್ದಾರೆ ಅಂತ ಗೊತ್ತಾದ ಮೇಲೆ ತಲುಪಿಸಬೇಕು. ಲಿಂಕ್ ಹಾಕಿದರೆ ಉಳಿಯುವುದಿಲ್ಲ ಅಂದೆನಲ್ಲ, ಅದಕ್ಕೆ ಲಿಂಕ್ ಬದಲು ಚಾನೆಲ್ ಹೆಸರು, ವಿಡಿಯೊದ ತಲೆಬರಹ, ಜೊತೆಗೆ ಉತ್ತರದ ಸಾರ ಎರಡು ಸಾಲು ಬರೆಯುತ್ತೇನೆ. ಕಾಕಾ, ಎಣ್ಣಿ ಹೊಡಿಯೂಕಿಂತ ಮೊದಲ ಎರಡು ಗಿಡ ಕಿತ್ತು ಕಾಂಡ ಸೀಳಿ ನೋಡ್ರಿ, ಕರಿ ಗೆರಿ ಕಂಡ್ರ ಗಿಡ ತಗೊಂಡು ಕೃಷಿ ಸಂಶೋಧನಾ ಕೇಂದ್ರಕ್ಕ ಅಥವಾ ರೈತ ಸಂಪರ್ಕ ಕೇಂದ್ರಕ್ಕ ಹೋಗಿ ತೋರಿಸ್ರಿ ಅಂತ. ಕಾಮೆಂಟ್ ಓದಿ ಔಷಧ ತರಬಾರದು, ಗಿಡ ನೋಡಿದವರು ಹೇಳಬೇಕು. ಇಷ್ಟು ಹೇಳಲು ನಾನು ಕೃಷಿ ಓದಿರಬೇಕಾಗಿಲ್ಲ, ಎರಡೂ ಕಡೆಯ ಮಾತು ಓದಿದ್ದರೆ ಸಾಕು.

ವ್ಲಾಗ್ ಮಾಡುವ ತಮ್ಮ, ತಂಗಿಯರಲ್ಲಿ ಒಂದು ವಿನಂತಿ. ನಿಮ್ಮ ವಿಡಿಯೊ ಕೆಳಗೆ ಒಳ್ಳೆಯ ಮಾತುಕತೆ ನಡೆದಿದ್ದರೆ ಅದರ ಸಾರವನ್ನು ವಿವರಣೆಯಲ್ಲಿ ನಾಲ್ಕು ಸಾಲು ಸೇರಿಸಿ. ವಿವರಣೆ ಚಾನೆಲ್ ಫೀಡಿನಲ್ಲಿ ಬರುತ್ತದೆ, ಹೊಸ 15ರೊಳಗಿನ ವಿಡಿಯೊ ಆದರೆ ಎಲ್ಲರ ರೀಡರ್‌ಗೂ ತಲುಪಬಹುದು. ಇದೇ ವಿಷಯದ ಮೇಲೆ ಇನ್ನೊಬ್ಬರು ಮಾಡಿದ ವಿಡಿಯೊ ಇದ್ದರೆ ಅದರ ಲಿಂಕ್ ಪಿನ್ ಮಾಡಿ, ಅವರು ನಿಮ್ಮ ಎದುರಾಳಿ ಅಂತ ಅಂದುಕೊಳ್ಳಬೇಡಿ. ಸಾಧ್ಯವಾದರೆ ಬ್ಲಾಗರ್‌ನಲ್ಲಿ ಒಂದು ಪುಕ್ಕಟೆ ಬ್ಲಾಗ್ ತೆರೆದು ಪ್ರತಿ ವಿಡಿಯೊಗೂ ಒಂದು ಪೋಸ್ಟ್ ಹಾಕಿ. ಅಲ್ಲಿ ಬರುವ ಕಾಮೆಂಟಿಗೆ ಫೀಡ್ ತಾನಾಗೇ ಇರುತ್ತದೆ, ಯಾರೂ ಸ್ಕ್ರಿಪ್ಟ್ ಬರೆಯಬೇಕಾಗಿಲ್ಲ. ಮತ್ತೆ ಮಕ್ಕಳಿಗಾಗಿ ಮಾಡಿದ್ದು ಅಂತ ತಿಳಿಯದೆ ಗುರುತು ಹಾಕಬೇಡಿ, ಹಾಗೆ ಗುರುತು ಹಾಕಿದ ವಿಡಿಯೊಗಳಲ್ಲಿ ಕಾಮೆಂಟೇ ಇರುವುದಿಲ್ಲ. ಜಾತ್ರೆಯ ವಿಡಿಯೊಗೆ ಅದನ್ನು ಹಾಕಿ ಕಾಮೆಂಟ್ ಯಾಕೆ ಬರುತ್ತಿಲ್ಲ ಅಂತ ಕೇಳುವವರನ್ನು ನೋಡಿದ್ದೇನೆ.

ನನ್ನ ರೀಡರಿನಲ್ಲಿರುವ ಚಾನೆಲ್ ಫೀಡುಗಳ ಪಟ್ಟಿಯನ್ನು ಒಪಿಎಮ್‌ಎಲ್ ಕಡತವಾಗಿ ತೆಗೆದಿಟ್ಟಿದ್ದೇನೆ. ಯಾವ ರೀಡರ್ ಆದರೂ ಅದನ್ನು ಒಮ್ಮೆಗೇ ಸೇರಿಸಿಕೊಳ್ಳುತ್ತದೆ, ಒಂದೊಂದಾಗಿ ಹಾಕುವ ಕಷ್ಟ ಇಲ್ಲ. ಕಲಬುರಗಿ ಮತ್ತು ಬೀದರ್ ಕಡೆಯವು ಸುಮಾರು ಸಿಕ್ಕಿವೆ. ಸುರಪುರ, ಶಹಾಪುರ, ಗುರುಮಠಕಲ್ ಕಡೆಯವು ಕಡಿಮೆ. ದಖನಿಯಲ್ಲಿ ಮಾಡುವವರ ವ್ಲಾಗ್ ಇನ್ನೂ ಕಡಿಮೆ. ನಿಮಗೆ ಗೊತ್ತಿರುವ ಚಾನೆಲ್ ಇದ್ದರೆ ಹೆಸರು ತಿಳಿಸಿ, ಅದರ ಜೊತೆ ಯಾವ ವಿಡಿಯೊ ಕೆಳಗೆ ಮಾತು ಚೆನ್ನಾಗಿ ನಡೆದಿದೆ ಅನ್ನುವುದನ್ನೂ ಹೇಳಿ. ತೊಗರಿ ಬಿತ್ತನೆ ಶುರುವಾಗುವ ಮೊದಲು ಬೀಜೋಪಚಾರದ ಥ್ರೆಡ್‌ಗಳನ್ನೆಲ್ಲ ಒಂದು ಪುಟದಲ್ಲಿ ಕೂಡಿಸಬೇಕು ಅಂದುಕೊಂಡಿದ್ದೇನೆ.